ಹಳೆಯ ರೇಡಿಯೋ ಪೆಟ್ಟಿಗೆಯೊಳಗಿನ ‘ಲೈಸೆನ್ಸ್’ ಚೀಟಿಯ ಅರ್ಥವೇನು?

ಪ್ರಶ್ನೆ:
ರೇಡಿಯೋ ಮತ್ತು ಗ್ರಾಮಫೋನ್ ಎರಡೂ ಒಂದೇ ಮರದ ಪೆಟ್ಟಿಗೆಯಲ್ಲಿರುವ ಅಮೆರಿಕದ ಹಳೆಯ ಸೆಟ್ಟೊಂದು ನನ್ನ ಸಂಗ್ರಹಕ್ಕೆ ಸೇರಿದೆ. ಹಿಂಬದಿಯ ಹಲಗೆ ಬಿಚ್ಚಿದಾಗ, ಕಂದುಗಟ್ಟಿದ ಚೀಟಿಯೊಂದರಲ್ಲಿ ಆರ್‌ಸಿಎ (ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ) ಕಂಪನಿಯ ಹೆಸರು, ಲೈಸೆನ್ಸ್ ಎಂಬ ಪದ ಮತ್ತು ಪೇಟೆಂಟ್ ಸಂಖ್ಯೆಗಳ ಸಾಲು ಕಂಡವು. ಇದು ಕೇಳುಗರು ಸರ್ಕಾರಕ್ಕೆ ಶುಲ್ಕ ಕಟ್ಟಿದ್ದರ ಗುರುತೇ?

ಉತ್ತರ 1:
ಅಲ್ಲ. ಅಮೆರಿಕದ 1912ರ ರೇಡಿಯೋ ಕಾಯ್ದೆಯು ಪರವಾನಗಿಯನ್ನು ಕಡ್ಡಾಯಗೊಳಿಸಿದ್ದು ಪ್ರಸಾರ ಮಾಡುವವರಿಗೇ ಹೊರತು ಕೇಳುವವರಿಗಲ್ಲ. ನಿಮ್ಮ ಚೀಟಿ ಹೇಳುವುದು ಪೇಟೆಂಟ್ ಪರವಾನಗಿಯ ವಿಷಯ: 1927ರಿಂದ ಆರ್‌ಸಿಎ ತನ್ನ ಹಿಡಿತದಲ್ಲಿದ್ದ ಪೇಟೆಂಟ್‌ಗಳನ್ನು ರಾಯಧನ ಪಡೆದು ಇತರ ತಯಾರಕರಿಗೂ ಬಳಸಲು ಕೊಟ್ಟಿತು. ಸಾಲಿನಲ್ಲಿರುವ ಅತಿ ದೊಡ್ಡ ಸಂಖ್ಯೆಯ ಪೇಟೆಂಟ್ ಯಾವ ವರ್ಷದ್ದೆಂದು ನೋಡಿ. ಆ ಚೀಟಿ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕಾಲನಿರ್ಣಯಕ್ಕೆ ಇದಕ್ಕಿಂತ ನಂಬಿಕಸ್ಥ ಸುಳಿವು ನನಗೆ ಸಿಕ್ಕಿಲ್ಲ.

ಉತ್ತರ 2:
ಕೇಳುಗರ ಪರವಾನಗಿ ಇದ್ದದ್ದು ಬ್ರಿಟನ್ನಿನಲ್ಲಿ. ಅಲ್ಲಿ 1922ರಲ್ಲಿ ಅದರ ವಾರ್ಷಿಕ ಶುಲ್ಕ 10 ಶಿಲ್ಲಿಂಗ್ ಇತ್ತು. ರೇಡಿಯೋಗೆಂದೇ ಇದ್ದ ಪರವಾನಗಿ 1971ರವರೆಗೂ ಉಳಿಯಿತು. ಆರಂಭದ ಬ್ರಿಟಿಷ್ ಸೆಟ್ಟುಗಳ ಮೇಲೆ ಅಲ್ಲಿನ ಅಂಚೆ ಸಚಿವರಾದ ಪೋಸ್ಟ್‌ಮಾಸ್ಟರ್ ಜನರಲ್ ಅವರ ಒಪ್ಪಿಗೆ ಸೂಚಿಸುವ ಬಿಬಿಸಿ ಮುದ್ರೆ ಇರುತ್ತಿತ್ತು. ಅದು ಅಳಿಸದೆ ಉಳಿದಿರುವ ಪೆಟ್ಟಿಗೆ ನಿಜಕ್ಕೂ ಅಪರೂಪದ ಸ್ವತ್ತು.

ಉತ್ತರ 3:
ದಯವಿಟ್ಟು ಚೀಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಒಳಗಿನ ಕಾಗದದ ಕೆಪಾಸಿಟರ್‌ಗಳು (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳು) ತೇವ ಹೀರಿ ಹಾಳಾಗಿರುವ ಸಂಭವ ಹೆಚ್ಚಿರುವುದರಿಂದ, ತಿಳಿದವರು ಪರೀಕ್ಷಿಸುವವರೆಗೆ ಸೆಟ್ಟಿಗೆ ವಿದ್ಯುತ್ ಕೊಡಲೇಬೇಡಿ; ಟ್ರಾನ್ಸ್‌ಫಾರ್ಮರ್ ಸುಟ್ಟುಹೋದರೆ ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕುವುದು ಬಹಳ ಕಷ್ಟ.