‘ಮಷೀನ್ ಯಂತ್ರ’ ಅಂದರೆ ತಪ್ಪಾ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಒಂದು ಗ್ರಂಧಿಗೆ ಅಂಗಡಿಗೆ (ಪೂಜೆ ಸಾಮಾನು, ನಾಟಿ ಔಷಧಿ ಮಾರುವ ಅಂಗಡಿ) ಹೋಗಿದ್ದೆ. ನನಗೆ ಬೇಕಾಗಿದ್ದು ಬಜೆ ಬೇರು, ಅಷ್ಟೇ. ಮುಂದೆ ನಿಂತಿದ್ದವರು ವಾಟ್ಸಾಪ್‌ನಲ್ಲಿ ಬಂದ ಸಾಮಾನಿನ ಪಟ್ಟಿ ಓದಿ ಹೇಳುತ್ತಿದ್ದರು. ಕರಿ ದಾರ, ಕವಡೆ, ಸಾಂಬ್ರಾಣಿ, ಆಮೇಲೆ ‘ಯಂತ್ರ ಒಂದು’. ಅಂಗಡಿಯವರು ತಲೆ ಎತ್ತದೇ ಕೇಳಿದರು: ‘ಕೈಲಿ ಬರ್ದಿದ್ದಾ, ಮಷೀನ್ ಯಂತ್ರನಾ?’

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರಿಬ್ಬರಿಗೂ ಅದರಲ್ಲಿ ತಮಾಷೆ ಏನೂ ಕಾಣಲಿಲ್ಲ. ಎರಡನ್ನೂ ಮೇಜಿನ ಮೇಲೆ ಇಟ್ಟರು. ಒಂದು ತೆಳು ತಾಮ್ರದ ತಗಡು. ಮೊನೆಯಿಂದ ಒತ್ತಿ ಬರೆದದ್ದು, ಹಿಂದೆ ಬೆರಳಾಡಿಸಿದರೆ ಗೆರೆ ಸಿಗುತ್ತದೆ. ಒಂದು ಚೌಕದಲ್ಲಿ ‘ಹ್ರೀಂ’ ಅನ್ನುವ ಬೀಜಾಕ್ಷರ ಜಾಗ ಸಾಲದೆ ಗೆರೆ ದಾಟಿತ್ತು. ಇನ್ನೊಂದು ಫಳಫಳ ಅನ್ನುವಂಥದ್ದು, ಪ್ಲಾಸ್ಟಿಕ್ ಹೊದಿಕೆ, ಎಲ್ಲ ಗೆರೆ ನೇರ. ಗಿರಾಕಿ ಸೊಟ್ಟ ಅಕ್ಷರದ್ದನ್ನೇ ತೆಗೆದುಕೊಂಡರು. ಅದಕ್ಕೇ ರೇಟು ಜಾಸ್ತಿ.

ಈಗ ಪದದ ವಿಷಯ. ‘ಯಂತ್ರ’ದ ಮೂಲ ಸಂಸ್ಕೃತದ ‘ಯಮ್’ ಧಾತು: ಹಿಡಿ, ತಡೆ, ಹತೋಟಿಯಲ್ಲಿಡು. ‘ನಿಯಂತ್ರಣ’ ಕೂಡ ಇದೇ ಮನೆಯದು. ಹಿಡಿದಿಡುವ ಸಾಧನ ಯಾವುದಾದರೂ ಯಂತ್ರವೇ. ಹಾಗಾಗಿ ಹೊಲಿಗೆ ಯಂತ್ರವೂ ಸರಿ, ಬಾಗಿಲಿಗೆ ಹೊಡೆಸುವ ತಗಡೂ ಸರಿ. ಇಬ್ಬರೂ ಒಂದೇ ಹೆಸರಿನಲ್ಲಿ ಆರಾಮಾಗಿದ್ದರು. ತೊಂದರೆ ಶುರುವಾಗಿದ್ದು ಒಂದು ಯಂತ್ರ ಇನ್ನೊಂದು ಯಂತ್ರವನ್ನು ಮಾಡಲು ಹೊರಟಾಗ. ಆಗ ಜನ ಏನು ಮಾಡಿದರು? ಇಂಗ್ಲಿಷಿನಿಂದ ‘ಮಷೀನ್’ ತಂದು ಮುಂದೆ ನಿಲ್ಲಿಸಿದರು. ಪುಸ್ತಕದ ಕನ್ನಡದಲ್ಲಿ ‘ಯಂತ್ರನಿರ್ಮಿತ ಯಂತ್ರ’ ಅಂತ ಬರೆದು ನೋಡಿ, ಅರ್ಥ ಆಗುತ್ತದಾ? ನನಗೇನೋ ಅಂಗಡಿಯವರದ್ದೇ ಒಳ್ಳೆ ಕನ್ನಡ ಅನ್ನಿಸಿತು.

‘ತಂತ್ರ’ದ್ದೂ ಇದೇ ಕಥೆ. ‘ತನ್’ ಅಂದರೆ ಹಿಗ್ಗಿಸು, ಎಳೆ. ತಂತ್ರ ಅಂದರೆ ಮೊದಲು ಮಗ್ಗ, ಮಗ್ಗದ ಹಾಸು. ತಂತು, ತಂತಿ ಇದರ ಒಡಹುಟ್ಟಿದವು. ಈಗ ಸಾಫ್ಟ್‌ವೇರ್‌ಗೆ ತಂತ್ರಾಂಶ, ಹಾರ್ಡ್‌ವೇರ್‌ಗೆ ಯಂತ್ರಾಂಶ ಅನ್ನುತ್ತೇವೆ. ಮಂತ್ರ ಒಂದೇ ಹೊರಗೆ ಉಳಿದಿದೆ, ಪಾಪ. ಅದನ್ನು ಪಾಸ್‌ವರ್ಡ್‌ಗೆ ಕೊಟ್ಟುಬಿಡೋಣವಾ?

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಮಾಟ’. ಆಡು–ಆಟ, ಓಡು–ಓಟ, ನೋಡು–ನೋಟ ಇದ್ದ ಹಾಗೆ ಮಾಡು–ಮಾಟ. ಹಳೆಯ ಅರ್ಥ ಬರೀ ‘ಮಾಡಿದ್ದು’, ‘ರಚನೆ’, ಅಲ್ಲಿಂದ ‘ಸೊಗಸು’. ‘ಮಾಟವಾದ ಮೂಗು’ ಅನ್ನುವಾಗ ಯಾರೂ ನಿಂಬೆಹಣ್ಣು ಹುಡುಕುವುದಿಲ್ಲ. ಆಮೇಲೆ ಅದೇ ಪದ ಕೇಡಿಗೆ ಮೀಸಲಾಯಿತು. ಮಾತಿನಲ್ಲಂತೂ ಆ ಪದವೂ ಬೇಕಿಲ್ಲ. ‘ಯಾರೋ ಮಾಡ್ಸಿದಾರೆ ಕಣಮ್ಮ’ ಅಂದರೆ ಸಾಕು. ಏನು ಮಾಡಿಸಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಕೊಳ್ಳೇಗಾಲಕ್ಕೆ ಬಸ್ಸು ಹತ್ತಿ ಹೋಗಿ ಮಾಡಿಸಿದರೂ ಅಷ್ಟೇ, ಫೋನಿನಲ್ಲಿ ದುಡ್ಡು ಕಳಿಸಿ ಮಾಡಿಸಿದರೂ ಅಷ್ಟೇ. ಸಾಮಾನು ಬದಲಾದರೂ ಕ್ರಿಯಾಪದ ಜಗ್ಗುವುದಿಲ್ಲ.

ಸಂಸ್ಕೃತದಲ್ಲೂ ‘ಕೃ’ (ಮಾಡು) ಧಾತುವಿನಿಂದಲೇ ‘ಕೃತ್ಯಾ’ ಬಂದದ್ದು, ಅದಕ್ಕೂ ಮಾಟ ಅಂತಲೇ ಅರ್ಥ. ಕರಾವಳಿ ಕಡೆ ‘ಕೃತ್ರಿಮ’ ಅನ್ನುತ್ತಾರೆ. ನಮ್ಮತ್ತೆ ಮಂಗಳೂರಿನವರು. ಮೊನ್ನೆ ಟಿವಿಯಲ್ಲಿ ‘ಕೃತ್ರಿಮ ಬುದ್ಧಿಮತ್ತೆಯಿಂದ ಎಷ್ಟೋ ಜನರ ಕೆಲಸ ಹೋಗಬಹುದು’ ಅಂತ ಬಂತು. ‘ಕೃತ್ರಿಮದಿಂದ ಕೆಲಸ ಹೋಗ್ದೆ ಇರ್ತದಾ!’ ಅಂದರು. ಅಂದಿನಿಂದ ನಾನು ‘ಕೃತಕ ಬುದ್ಧಿಮತ್ತೆ’ ಪಕ್ಷ.

ಪತ್ರಿಕೆಗಳಲ್ಲಿ ಬರುವ ‘ವಾಮಾಚಾರ’ದ ಮೇಲೆ ನನ್ನದೊಂದು ತಕರಾರಿದೆ. ಮೂಲದಲ್ಲಿ ಅದು ತಂತ್ರಮಾರ್ಗದ ಒಂದು ಕವಲು, ಪೂಜೆಯ ಒಂದು ಕ್ರಮ. ಇನ್ನೊಬ್ಬರಿಗೆ ಕೇಡು ಮಾಡಲು ಮಾಡುವುದಕ್ಕೆ ‘ಅಭಿಚಾರ’ ಅನ್ನುವ ಬೇರೆ ಪದವೇ ಇದೆ. ಆದರೆ ದುಷ್ಟ ಪದ್ಧತಿಗಳನ್ನು ತಡೆಯುವ ನಮ್ಮ ರಾಜ್ಯದ 2017ರ ಕಾನೂನಿನಲ್ಲೇ ‘ವಾಮಾಚಾರ’ ಸೇರಿದ ಮೇಲೆ ಇನ್ನು ವಾದ ಮಾಡಿ ಪ್ರಯೋಜನವಿಲ್ಲ, ಅಲ್ವಾ?

ನನ್ನ ಪ್ರಶ್ನೆಗಳು ಇವು. ಓಲೆಗರಿ ಮೇಲೆ ಬರೆಯುವ ಕಬ್ಬಿಣದ ಕಡ್ಡಿಗೆ ‘ಕಂಟ’ ಅನ್ನುತ್ತಿದ್ದರು. ತಗಡಿನ ಮೇಲೆ ಯಂತ್ರ ಬರೆಯುವ ಮೊನೆಗೂ ಅದೇ ಹೆಸರಾ, ಬೇರೆ ಇದೆಯಾ? ಎರಡನೆಯದು, ಮಾಟಕ್ಕೆ ಆ ಮನುಷ್ಯನದೇ ಏನಾದರೂ ಬೇಕು ಅನ್ನುತ್ತಾರೆ: ತಲೆಕೂದಲು, ಉಗುರು, ಉಟ್ಟ ಬಟ್ಟೆ, ಕಾಲಡಿಯ ಮಣ್ಣು. ಈಗ ‘ಫೋಟೋ ವಾಟ್ಸಾಪ್ ಮಾಡಿ’ ಅನ್ನುತ್ತಾರಂತೆ. ಇಷ್ಟನ್ನೂ ಸೇರಿಸಿ ಹೇಳುವ ಒಂದು ಪದ ನಿಮ್ಮ ಕಡೆ ಇದೆಯಾ? ಬೀದರ್, ಕಲಬುರಗಿ ಕಡೆಯವರು ಭಾನಾಮತಿ (ಆ ಕಡೆ ಮಾಟಕ್ಕೆ ಇರುವ ಹೆಸರು) ವಿಷಯದಲ್ಲಿ ಏನಾದರೂ ಕೇಳಿದ್ದರೆ ಬರೆಯಿರಿ.

ಇನ್ನೊಂದು ಮರೆತಿದ್ದೆ. ಕಳವಾದರೆ ಮೊದಲು ‘ಅಂಜನ ಹಾಕಿಸು’ತ್ತಿದ್ದರು. ವೀಳ್ಯದೆಲೆಗೆ ಕಪ್ಪು ಸವರಿ, ಮಗುವಿನ ಕೈಲಿ ಕೊಟ್ಟು, ಯಾರು ಕಾಣಿಸುತ್ತಾರೆ ಅಂತ ಕೇಳುವುದು. ನಮ್ಮೂರಲ್ಲಿ ಸಿಸಿ ಕ್ಯಾಮೆರಾ ಬಂದ ಮೇಲೆ ಹಿರಿಯರೊಬ್ಬರು ‘ಆ ಅಂಗಡಿಯವ್ನ ಅಂಜನದಲ್ಲಿ ನೋಡ್ಸಿ, ಗೊತ್ತಾಗ್ತದೆ’ ಅಂದಿದ್ದರು. ಅವರೊಬ್ಬರೇ ಹಾಗೆ ಅನ್ನುತ್ತಿದ್ದರಾ, ಬೇರೆ ಕಡೆಯೂ ಈ ಬಳಕೆ ಇದೆಯಾ?