ಪೋಸ್ಟ್‌ಗ್ರೆಸ್ ಡೇಟಾಬೇಸಿನ ವರ್ಷನ್ 13ರಿಂದ 17ಕ್ಕೆ ಹೋಗುವವರು ಇಲ್ಲಿ ಕೇಳಿ

ಡಿಬಿಎ ಮೇಡಂ: 13ಕ್ಕೆ 2025ರ ನವೆಂಬರ್‌ನಲ್ಲೇ ಸಪೋರ್ಟ್ ಮುಗಿದಿದೆ. ಇನ್ನೂ ಅದರಲ್ಲೇ ಇರುವವರು ಕೇಳಿ. ಎರರ್ ಮೆಸೇಜ್ ಪೂರ್ತಿ ಹಾಕಿ. ಸುಮ್ನೆ "ಓಡ್ತಿಲ್ಲ" ಅಂದರೆ ನನಗೇನೂ ಗೊತ್ತಾಗುವುದಿಲ್ಲ.

ಹೊಸಬ: ನಮಸ್ತೆ ಮೇಡಂ. ಪಿಜಿ_ಅಪ್‌ಗ್ರೇಡ್ ಸಲೀಸಾಗಿ ಮುಗಿಯಿತು. ಆದರೆ ಎರಡು ಸೆಕೆಂಡಿನ ರಿಪೋರ್ಟ್ ಈಗ ನಾಲ್ಕು ನಿಮಿಷ ತಗೊಳ್ಳುತ್ತಿದೆ.

ಡಿಬಿಎ ಮೇಡಂ: ಟೇಬಲ್‌ಗಳ ಅಂಕಿಅಂಶ, ಅಂದರೆ ಕ್ವೆರಿಗೆ ದಾರಿ ಆರಿಸಲು ಪೋಸ್ಟ್‌ಗ್ರೆಸ್ ನೋಡುವ ಲೆಕ್ಕ, ನಿಮ್ಮ ಜೊತೆ ಬಂದಿಲ್ಲ. ಅದು ಬರುವುದು 18ಕ್ಕೆ ಹೋದರೆ ಮಾತ್ರ. ವ್ಯಾಕ್ಯೂಮ್‌ಡಿಬಿಯನ್ನು ಅನಲೈಸ್-ಇನ್-ಸ್ಟೇಜಸ್ ಕೊಟ್ಟು ಓಡಿಸಿ, ಆ ಲೆಕ್ಕ ಮತ್ತೆ ಹಾಕುತ್ತದೆ. ಸರಿಹೋಗುತ್ತದೆ.

ಕೋಡ್‌ಕೂಲಿ: ಲಿಂಕ್ ಮೋಡ್‌ನಲ್ಲಿ, ಅಂದರೆ ಫೈಲ್ ಕಾಪಿ ಮಾಡದೆ, ಅಪ್‌ಗ್ರೇಡ್ ಮಾಡಿದರೆ ಹಳೆಯದಕ್ಕೆ ವಾಪಸ್ ಹೋಗಬಹುದಾ ಮೇಡಂ?

ಡಿಬಿಎ ಮೇಡಂ: ಹೊಸ ಸರ್ವರ್ ಒಮ್ಮೆ ಸ್ಟಾರ್ಟ್ ಆದ ಮೇಲೆ ಇಲ್ಲ. ಫೈಲ್ ಒಂದೇ, ಹೆಸರು ಎರಡು. ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ.

ಸಹಾಯಹಸ್ತ: ಬೇರೆ ಗ್ರೂಪಿನಿಂದ ಬಂದದ್ದು, ಯಾರಿಗಾದರೂ ಉಪಯೋಗವಾಗಲಿ: "ಡೇಟಾ ಫೋಲ್ಡರ್ ಕಾಪಿ ಮಾಡಿ. ಪಿಜಿ_ವರ್ಷನ್ ಫೈಲಿನಲ್ಲಿ 13 ಅಳಿಸಿ 17 ಬರೆಯಿರಿ. ಪರ್ಮಿಶನ್ 777 ಕೊಡಿ."

ಡಿಬಿಎ ಮೇಡಂ: ದಯವಿಟ್ಟು ಯಾರೂ ಮಾಡಬೇಡಿ. ಆ ಫೈಲ್ ಡಬ್ಬಿಯ ಮೇಲಿನ ಚೀಟಿ. ಚೀಟಿ ಬದಲಿಸಿದರೆ ಒಳಗಿನ ಸಾಮಾನು ಬದಲಾಗುತ್ತದಾ? 777 ಕೊಟ್ಟರಂತೂ ಪೋಸ್ಟ್‌ಗ್ರೆಸ್ ಏಳುವುದೇ ಇಲ್ಲ. ಆ ಫೋಲ್ಡರಿಗೆ 0700 ಇಲ್ಲವೇ 0750 ಇರಲೇಬೇಕು.

ರಾತ್ರಿಪಾಳಿ: ನಮ್ಮದು ವಿಚಿತ್ರ ಕೇಸ್. ಹೊಸ ಮಷೀನ್, ಹೊಸ ಓಎಸ್. ಅದರಲ್ಲಿ ಸ್ಟ್ರೀಮಿಂಗ್ ರೆಪ್ಲಿಕಾ (ಹಳೆಯದರ ನಿರಂತರ ನಕಲು) ಮಾಡಿ, ಪ್ರಮೋಟ್ ಮಾಡಿ (ಅದನ್ನೇ ಮುಖ್ಯ ಸರ್ವರ್ ಮಾಡಿ), ಅಲ್ಲೇ 17ಕ್ಕೆ ಹೋದೆವು. ಎರರ್ ಒಂದೂ ಬರಲಿಲ್ಲ. ಈಗ ಒಬ್ಬ ಗ್ರಾಹಕರು ಹಳೇ ಆರ್ಡರ್ ಎಲ್ಲ ಮಾಯ ಅಂದರು. ನೋಡಿದರೆ ಅವರ ಇಮೇಲ್ ಎರಡು ಸಾಲಿನಲ್ಲಿದೆ! ಆ ಕಾಲಂಗೆ ಯೂನಿಕ್ ಇಂಡೆಕ್ಸ್ ಇದೆ, ಒಂದೇ ಇಮೇಲ್ ಎರಡು ಸಲ ಬರಲೇಬಾರದು. ಇಮೇಲ್‌ನಲ್ಲಿ ಒಂದು ಹೈಫನ್ ಇದೆ, ಅಷ್ಟೇ ವಿಶೇಷ.

ಸಹಾಯಹಸ್ತ: ರಿಫ್ರೆಶ್ ಕೊಲೇಶನ್ (ಅಕ್ಷರಕ್ರಮ) ವರ್ಷನ್ ಕಮಾಂಡ್ ಕೊಡಿ, ಎಲ್ಲ ಸರಿಹೋಗುತ್ತದೆ.

ಡಿಬಿಎ ಮೇಡಂ: ಸರಿಹೋಗುವುದಿಲ್ಲ. ಅದು ದಾಖಲೆಯಲ್ಲಿರುವ ನಂಬರ್ ಬದಲಿಸುತ್ತದೆ, ಇಂಡೆಕ್ಸ್ ಮುಟ್ಟುವುದಿಲ್ಲ.

ರಾತ್ರಿಪಾಳಿಯವರೇ, ಆ ಹೈಫನ್ನೇ ಸುಳಿವು. ಎರಡೂ ಮಷೀನಿನಲ್ಲಿ 1-1 ಮತ್ತು 11 ಇವೆರಡನ್ನು ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ ಸಾರ್ಟ್ ಮಾಡಿ ನೋಡಿ. ಹಳೆಯದರಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು ಬಂದರೆ ನನ್ನ ಅನುಮಾನ ನಿಜ. ಅಕ್ಷರಗಳ ಕ್ರಮವನ್ನು ಪೋಸ್ಟ್‌ಗ್ರೆಸ್ ಓಎಸ್‌ನ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯಿಂದ ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಕ್ರಮವನ್ನೇ ಬದಲಿಸಿತು. ನಿಮ್ಮ ಇಂಡೆಕ್ಸ್ ಹಳೇ ಕ್ರಮದಲ್ಲಿ ಜೋಡಿಸಿದ್ದು, ಹುಡುಕುವುದು ಹೊಸ ಕ್ರಮದಲ್ಲಿ. ಹಳೇ ಸಾಲು ಅಲ್ಲೇ ಇದೆ, ಹುಡುಕುವವರು ಬೇರೆ ಮೂಲೆಗೆ ಹೋಗುತ್ತಾರೆ. "ಇಲ್ಲ" ಅಂತ ತಿಳಿದು ಪೋಸ್ಟ್‌ಗ್ರೆಸ್ ಇನ್ನೊಂದು ಸೇರಿಸಿಬಿಡುತ್ತದೆ.

ಮೊದಲು ಆ ಡೇಟಾಬೇಸಿಗೆ ಬರೆಯುವುದನ್ನು ನಿಲ್ಲಿಸಿ, ಈಗಿನ ಸ್ಥಿತಿಯ ಬ್ಯಾಕಪ್ ತೆಗೆಯಿರಿ. ಇಂಡೆಕ್ಸ್‌ಸ್ಕ್ಯಾನ್, ಇಂಡೆಕ್ಸ್‌ಓನ್ಲಿಸ್ಕ್ಯಾನ್, ಬಿಟ್‌ಮ್ಯಾಪ್‌ಸ್ಕ್ಯಾನ್ ಮೂರನ್ನೂ ಸೆಷನ್‌ನಲ್ಲಿ ಆಫ್ ಮಾಡಿ ಡುಪ್ಲಿಕೇಟ್ ಎಣಿಸಿ. ಇಲ್ಲದಿದ್ದರೆ ಆ ಕೆಟ್ಟ ಇಂಡೆಕ್ಸೇ ನಿಮಗೆ ಉತ್ತರ ಕೊಡುತ್ತದೆ! ಯಾವ ಸಾಲು ಉಳಿಯಬೇಕು ಅನ್ನುವುದನ್ನು ವ್ಯವಹಾರ ಗೊತ್ತಿರುವವರು ಹೇಳಲಿ, ನೀವೇ ಡಿಲೀಟ್ ಹೊಡೆಯಬೇಡಿ. ಅದಾದ ಮೇಲೆ ಟೆಕ್ಸ್ಟ್ ಕಾಲಂ ಇರುವ ಎಲ್ಲ ಇಂಡೆಕ್ಸ್‌ಗೂ ರೀಇಂಡೆಕ್ಸ್ ಕೊಟ್ಟು ಹೊಸದಾಗಿ ಕಟ್ಟಿ. ಡುಪ್ಲಿಕೇಟ್ ಉಳಿದಿದ್ದರೆ ಯೂನಿಕ್ ಇಂಡೆಕ್ಸ್ ಕಟ್ಟುವಾಗಲೇ ನಿಲ್ಲುತ್ತದೆ. ಬರೀ ಸಂಖ್ಯೆಯ ಕಾಲಂಗಳಿಗೆ ಈ ಕಾಟ ಇಲ್ಲ.

ಹಳೇಹುಲಿ: ಅದಕ್ಕೇ ಹೇಳುವುದು, ಡಂಪ್ ತೆಗೆದು ರಿಸ್ಟೋರ್ ಮಾಡಿ ಅಂತ. ಇಂಡೆಕ್ಸ್ ಹೊಸದಾಗಿಯೇ ಕಟ್ಟುತ್ತದೆ.

ಕೋಡ್‌ಕೂಲಿ: ಮೂರು ಟಿಬಿ ಡಂಪ್ ಮಾಡಿ ನೋಡಿದ್ದೀರಾ? ಅಷ್ಟು ಹೊತ್ತು ಸೈಟ್ ಮುಚ್ಚಿರಲು ಯಾರು ಬಿಡುತ್ತಾರೆ?

ಡಾಲ್ಫಿನ್: ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಈ ರಗಳೆಯೇ ಇಲ್ಲ.

ಕೋಡ್‌ಕೂಲಿ: ಹೌದಾ? 8.0ಗೆ ಹೋದವರು 5.7ಕ್ಕೆ ಇಳಿದು ತೋರಿಸಿ ನೋಡೋಣ.

ಡಾಲ್ಫಿನ್: ಇಳಿಯುವ ಪ್ರಮೇಯ ಯಾಕೆ ಬರುತ್ತದೆ? ಟೆಸ್ಟ್ ಮಾಡಿ ಹತ್ತಬೇಕು.

ಹಳೇಹುಲಿ: ಟೆಸ್ಟ್ ಮಾಡುವವರಾಗಿದ್ದರೆ ಈ ಗ್ರೂಪಿಗೆ ಯಾಕೆ ಬರುತ್ತಿದ್ದರು ಸ್ವಾಮಿ.

ಪುಟ್ಟಲ್ಯಾಬ್: ಲಾಜಿಕಲ್ ರೆಪ್ಲಿಕೇಶನ್ (ಸಾಲುಗಳ ಬದಲಾವಣೆ ಕಳಿಸುವ) ದಾರಿಯಲ್ಲಿ 17ಕ್ಕೆ ಹೋದರೆ ಸೀಕ್ವೆನ್ಸ್ (ತಾನಾಗಿ ಏರುವ ಐಡಿ) ನಂಬರ್‌ಗಳೂ ಬರುತ್ತವಾ?

ಡಾಲ್ಫಿನ್: ಹಳೇಹುಲಿಯವರೇ, ಮಾತು ನೋಡಿಕೊಂಡು ಆಡಿ.

ಟೀಬ್ರೇಕ್: ಮೇಡಂ, ಅಪ್‌ಗ್ರೇಡ್ ಆದ ಮೇಲೆ ಕ್ವೆರಿ ಎಲ್ಲ ಸ್ಲೋ.

ಡಿಬಿಎ ಮೇಡಂ: ಅನಲೈಸ್.

ಪುಟ್ಟಲ್ಯಾಬ್: ಸೀಕ್ವೆನ್ಸ್ ಬಗ್ಗೆ ಕೇಳಿದ್ದೆ, ಯಾರಾದರೂ ಹೇಳಿ.

ಸಹಾಯಹಸ್ತ: ಸ್ಲೋ ಇದ್ದವರಿಗೆ: "ಪಿಜಿ_ವಾಲ್ ಫೋಲ್ಡರ್ ಖಾಲಿ ಮಾಡಿ, ಸ್ಪೀಡ್ ಬರುತ್ತದೆ."

ಡಿಬಿಎ ಮೇಡಂ: ಅದು ಕಸದ ಲಾಗ್ ಅಲ್ಲ, ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ದಾಖಲೆ! ಅದನ್ನು ಅಳಿಸಿದರೆ ಡೇಟಾಬೇಸ್ ಮತ್ತೆ ಏಳದೆಯೂ ಹೋಗಬಹುದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಈ ಗ್ರೂಪಿನಲ್ಲಿ ಇರುವುದಿಲ್ಲ.

ಸಹಾಯಹಸ್ತ: ಒಳ್ಳೆಯದಕ್ಕೆ ಹಾಕಿದ್ದು ಮೇಡಂ. ಇಷ್ಟು ಸಿಟ್ಟು ಯಾಕೆ?

ರಾತ್ರಿಪಾಳಿ: ಮೇಡಂ, ನೀವು ಹೇಳಿದಂತೆಯೇ ಆಯಿತು. ಹಳೆಯದರಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು. ಡುಪ್ಲಿಕೇಟ್ 43 ಸಿಕ್ಕಿವೆ.

ಡಿಬಿಎ ಮೇಡಂ: ಬರೆಯುವುದನ್ನು ನಿಲ್ಲಿಸಿದ್ದೀರಿ ತಾನೆ?

ರಾತ್ರಿಪಾಳಿ: ಸಂಜೆವರೆಗೆ ನಿಲ್ಲಿಸಬೇಡಿ ಅಂತ ಮ್ಯಾನೇಜರ್ ಹೇಳಿದ್ದಾರೆ.

ಡಿಬಿಎ ಮೇಡಂ: ಸಂಜೆಗೆ ಅದು 43 ಆಗಿರುವುದಿಲ್ಲ. ಪ್ರತಿ ಗಂಟೆಗೆ ಎಣಿಸಿ, ಆ ನಂಬರನ್ನು ಅವರಿಗೇ ಕಳಿಸುತ್ತಿರಿ.

ಟೀಬ್ರೇಕ್: ಅನಲೈಸ್ ಅಂದರೆ ಏನು ಮೇಡಂ?