10 ಲಕ್ಷದ ಸಾಲ 15 ಲಕ್ಷ ಹೇಗಾಯಿತು ಅಂತ ಕೇಳಿದ ತಂಗಿಗೆ

ತಂಗೀ, ನಿನ್ನೆ ರಾತ್ರಿ ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಈಗ ನೋಡಿದೆ. ಒಪಿಡಿ ಮುಗಿಸಿ ಕೂತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು.

ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗಿದು ಒಂದು ವರ್ಷವಾಯಿತು, ಓದಿನ ಸಾಲದ ಕಂತು ಶುರು ಅಂತ ಬ್ಯಾಂಕಿನ ಪತ್ರ ಬಂದಿದೆ, ತೆಗೆದುಕೊಂಡಿದ್ದು 10 ಲಕ್ಷ, ಪತ್ರದಲ್ಲಿ 15 ಲಕ್ಷ ಅಂತಿದೆ, ಬ್ಯಾಂಕಿನವರು ತಪ್ಪು ಮಾಡಿದರಾ ಅಂತ ಕೇಳಿದ್ದೀಯ. ಅದರ ಕೆಳಗೆ ದೊಡ್ಡಪ್ಪ ಸೇಡಂ ರೋಡಿನ ಪ್ಲಾಟಿನ ವಿಷಯ ಬರೆದಿದ್ದಾರೆ. ಮಾಮಾ, ಸಾಲ ಬೇಗ ತೀರಿಸಬೇಡ, ಟ್ಯಾಕ್ಸ್ ಉಳಿಯುತ್ತದೆ ಅಂದಿದ್ದಾರೆ. ವೈನಿ ಪರಿಚಯದ ಏಜೆಂಟರ ಪಾಲಿಸಿಯ ಫೋಟೊ ಹಾಕಿದ್ದಾರೆ. ಎಲ್ಲರೂ ನಿನ್ನ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೂ ನಾನೂ ಸಾಲ ಮಾಡಿ ಓದಿ ಡಾಕ್ಟರಾಗಿ ಇದೇ ದಾರಿಯಲ್ಲಿ ಬಂದವಳು, ನನಗೆ ಅನಿಸಿದ್ದನ್ನು ಹೇಳಲೇಬೇಕು.

ಬ್ಯಾಂಕ್ ತಪ್ಪು ಮಾಡಿಲ್ಲ. ನಿನ್ನ ಸಾಲ ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ಸಲ ಬಂತು, ಅಲ್ವಾ? ಬಡ್ಡಿ ಶೇ. 10. ಕೋರ್ಸ್ ಐದೂವರೆ ವರ್ಷ, ಅದರ ಮೇಲೆ ಒಂದು ವರ್ಷ ಕಂತು ಕಟ್ಟುವ ಹಾಗಿರಲಿಲ್ಲ. ಕಂತು ಇರಲಿಲ್ಲ, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಮೊದಲ ಎರಡೂವರೆ ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ಐದೂವರೆ, ಆಮೇಲೆ ನಾಲ್ಕೂವರೆ, ಮೂರೂವರೆ. ಸರಳ ಬಡ್ಡಿಯೇ, ಆದರೂ ಕೂಡಿಸಿ ನೋಡು, ಸರಿಯಾಗಿ 5 ಲಕ್ಷ. ಈಗ ಅದು ಅಸಲಿಗೆ ಸೇರಿಕೊಂಡಿದೆ. ಇನ್ನು ಮುಂದೆ 15 ಲಕ್ಷಕ್ಕೆ ಬಡ್ಡಿ. ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಬಂದರೆ ಈ 5 ಲಕ್ಷ ಸೇರುತ್ತಿರಲಿಲ್ಲ. ನಿನಗೆ ಆ ಕಾಲ ಮುಗಿಯಿತು. ಯಾದಗಿರಿಯಲ್ಲಿ ಮೊದಲ ವರ್ಷ ಓದುತ್ತಿರುವ ನಮ್ಮ ತಮ್ಮ ಇದನ್ನು ಕೇಳುತ್ತಿದ್ದರೆ, ಅವನ ಅಪ್ಪ ಅಮ್ಮ ನಾಳೆಯೇ ಬ್ಯಾಂಕಿಗೆ ಹೋಗಿ ವಿಚಾರಿಸಲಿ.

ಈಗ ಮುಂದಿನ ಲೆಕ್ಕ. 15 ಲಕ್ಷ, ಶೇ. 10, ಹತ್ತು ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 19,800. ಹತ್ತು ವರ್ಷದಲ್ಲಿ ಬಡ್ಡಿ ಒಂದೇ ಹತ್ತಿರ ಹತ್ತಿರ 8 ಲಕ್ಷ 80 ಸಾವಿರ. ಅದೇ ಕಂತಿನ ಜೊತೆ ತಿಂಗಳಿಗೆ 10 ಸಾವಿರ ಹೆಚ್ಚಿಗೆ ಕಟ್ಟಿದರೆ ಐದೂವರೆ ವರ್ಷದಲ್ಲಿ ಸಾಲ ಮುಗಿಯುತ್ತದೆ, ಬಡ್ಡಿ ನಾಲ್ಕೂವರೆ ಲಕ್ಷಕ್ಕೆ ಇಳಿಯುತ್ತದೆ. 4 ಲಕ್ಷಕ್ಕಿಂತ ಜಾಸ್ತಿ ಉಳಿತಾಯ, ಯಾವ ರಿಸ್ಕೂ ಇಲ್ಲದೆ. ಫ್ಲೋಟಿಂಗ್ ಬಡ್ಡಿಯ, ಅಂದರೆ ದರ ಆಗಾಗ ಬದಲಾಗುವ, ಇಂಥ ಸಾಲವನ್ನು ಮುಂಚೆ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ. ಹೆಚ್ಚಿಗೆ ಕಟ್ಟುವಾಗ ಒಂದು ಅರ್ಜಿ ಬರೆದುಕೊಡು: ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ ಅಂತ. ಬರೆಯದಿದ್ದರೆ ಕೆಲವು ಕಡೆ ಕಂತು ಇಳಿಸಿ ಹತ್ತು ವರ್ಷ ಹಾಗೇ ಉಳಿಸುತ್ತಾರೆ.

ಮಾಮಾ, ನೀವು ಹೇಳಿದ ಟ್ಯಾಕ್ಸ್ ವಿನಾಯಿತಿ, ಆಡಿಟರ್ 80ಇ ಅನ್ನುವುದು, ನಿಜಕ್ಕೂ ಇದೆ. ಬಡ್ಡಿಗೆ ಮಾತ್ರ, ಎಂಟು ವರ್ಷ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. ಇವಳಿಗೆ ಅದು ಉಪಯೋಗವಿಲ್ಲ. ಯಾಕೆ ಅಂತ ಹೇಳುತ್ತೇನೆ, ಇದು ಮುಖ್ಯ.

ತಂಗೀ, ನಿನಗೆ ಆಸ್ಪತ್ರೆ ಕೊಡುವ 60 ಸಾವಿರ ಸಂಬಳ ಅಲ್ಲ. ನೀನು ಕಳಿಸಿದ ಸ್ಲಿಪ್ ನೋಡಿದೆ. ಪಿಎಫ್ ಇಲ್ಲ, ಶೇ. 10 ಟಿಡಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿದು 54 ಸಾವಿರ ಹಾಕಿದ್ದಾರೆ. ಅಂದರೆ ನಿನ್ನನ್ನು ನೌಕರಳು ಅಂತ ಅಲ್ಲ, ಫೀ ತೆಗೆದುಕೊಳ್ಳುವ ಡಾಕ್ಟರ್ ಅಂತ ಬರೆದುಕೊಂಡಿದ್ದಾರೆ. ನಮ್ಮ ಕಡೆ ಬಹಳ ಜನ ಡ್ಯೂಟಿ ಡಾಕ್ಟರುಗಳದು ಹೀಗೇ. ಅಂಥವರಿಗೆ ತೆರಿಗೆ ಕಾನೂನಿನಲ್ಲಿ, ಆಡಿಟರ್‌ಗಳು 44ಎಡಿಎ ಅನ್ನುವ, ಒಂದು ದಾರಿ ಇದೆ. ಬಂದ ಫೀಯಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಡ. ನಿನ್ನ ವರ್ಷದ 7 ಲಕ್ಷ 20 ಸಾವಿರಕ್ಕೆ ಆದಾಯ 3 ಲಕ್ಷ 60 ಸಾವಿರ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಿಡಿದಿಟ್ಟ 72 ಸಾವಿರ ಪೂರ್ತಿ ವಾಪಸ್ ಬರುತ್ತದೆ, ನೀನು ರಿಟರ್ನ್ ಹಾಕಿದರೆ ಮಾತ್ರ. ಎಷ್ಟೋ ಹುಡುಗರು "ಟ್ಯಾಕ್ಸ್ ಕಟ್ ಆಗಿದೆ, ಮುಗಿಯಿತು" ಅಂದುಕೊಂಡು ಈ ದುಡ್ಡು ಬಿಟ್ಟುಬಿಡುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ರಾತ್ರಿ ಪಾಳಿ ಮಾಡಿ ದುಡಿದ ದುಡ್ಡು ಅದು. ಒಮ್ಮೆ ಆಡಿಟರ್ ಹತ್ತಿರ ಕೂತು ಬಾ, ಫೀ ಕೊಟ್ಟರೂ ಲಾಭವೇ.

ತೆರಿಗೆಯೇ ಇಲ್ಲದವಳಿಗೆ ವಿನಾಯಿತಿ ಯಾಕೆ, ಮಾಮಾ? ಮುಂದೆ ಪಿಜಿ ಮುಗಿಸಿ ಜಾಸ್ತಿ ದುಡಿದಾಗಲೂ, 30 ರೂಪಾಯಿ ಉಳಿಸಲು 100 ರೂಪಾಯಿ ಬಡ್ಡಿ ಕಟ್ಟಿದ ಹಾಗೆ ಆಗುತ್ತದೆ.

ಆ ಸ್ಲಿಪ್ಪಿನಲ್ಲಿ ಪಿಎಫ್ ಇಲ್ಲ ಅನ್ನುವುದೇ ನನಗೆ ಜಾಸ್ತಿ ಚಿಂತೆ. ಬೆಂಗಳೂರಿನಲ್ಲಿರುವ ನಮ್ಮ ಇಂಜಿನಿಯರ್ ಅಣ್ಣನಿಗೆ 22ನೇ ವಯಸ್ಸಿನಿಂದ ಪಿಎಫ್ ಕಟ್ ಆಗುತ್ತಿದೆ. ಅವನು ನೆನಪಿಟ್ಟರೂ ಬಿಟ್ಟರೂ ಅದು ಬೆಳೆಯುತ್ತಿದೆ. ನಿನಗೆ ಈಗ 26, ಇನ್ನೂ ಒಂದು ರೂಪಾಯಿ ಇಲ್ಲ. ಪಿಜಿ ಮುಗಿಯುವಾಗ 30 ದಾಟುತ್ತದೆ. ನಿನ್ನ ಮುಪ್ಪಿಗೆ ಅಂತ ಯಾರೂ ಎತ್ತಿಡುತ್ತಿಲ್ಲ, ನೀನೇ ಇಡಬೇಕು. ಸರ್ಕಾರಿ ಕೆಲಸ ಸಿಕ್ಕರೆ ಪೆನ್ಶನ್ ಇರುತ್ತದೆ ಅಂತ ನಿಮ್ಮಪ್ಪ, ನಮ್ಮ ಕಾಕಾ, ಯಾವಾಗಲೂ ಹೇಳುತ್ತಾರೆ. ಕಾಕಾ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ತಿಂಗಳು ತಿಂಗಳು ದುಡ್ಡು ಕಟ್ಟಿ ಮುಪ್ಪಿಗೆ ಕೂಡಿಡುವ ಯೋಜನೆ. ನಿಮ್ಮ ಕಾಲದ ಪೆನ್ಶನ್ ಅಲ್ಲ ಅದು.

ನಮ್ಮಜ್ಜಿ ನೆನಪಿದ್ದಾರಾ? ತೊಗರಿ ರಾಶಿ ಆದ ದಿನವೇ ಬೀಜದ ಕಾಳು ಬೇರೆ ತೆಗೆದು, ಬೂದಿ ಕಲೆಸಿ ಗಡಿಗೆಯಲ್ಲಿ ತುಂಬಿಡುತ್ತಿದ್ದರು. ಮನೆಯಲ್ಲಿ ಸಾಲ ಇದ್ದ ವರ್ಷವೂ ಆ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ಸಾಲ ತೀರಿದ ಮೇಲೆ ನೋಡೋಣ ಅಂದಿದ್ದರೆ ಮುಂದಿನ ವರ್ಷ ಬಿತ್ತಲು ಏನಿರುತ್ತಿತ್ತು? ನೀನೂ ಹಾಗೇ ಮಾಡು. ತಿಂಗಳಿಗೆ 3 ಸಾವಿರ ಸಾಕು ಈಗ. ಎನ್‌ಪಿಎಸ್ ಖಾತೆ ಆನ್‌ಲೈನಿನಲ್ಲೇ ತೆರೆಯಬಹುದು. ಅದರ ದುಡ್ಡನ್ನು ಬೇಕೆಂದಾಗ ತೆಗೆಯಲು ಬರುವುದಿಲ್ಲ ಅಂತ ಜನ ಬೈಯುತ್ತಾರೆ, ನನಗೆ ಅದೇ ಗುಣ ಇಷ್ಟ. ಡಾಕ್ಟರುಗಳ ದುಡ್ಡು ಕೈಯಲ್ಲಿದ್ದರೆ ಕ್ಲಿನಿಕ್ಕಿನ ಮಷಿನ್‌ಗೋ ಯಾರದೋ ಮದುವೆಗೋ ಹೋಗಿಬಿಡುತ್ತದೆ. ಜೊತೆಗೆ ಪೋಸ್ಟ್ ಆಫೀಸಿನಲ್ಲಿ 500 ರೂಪಾಯಿ ಹಾಕಿ ಪಿಪಿಎಫ್ ಅನ್ನುವ 15 ವರ್ಷದ ಸರ್ಕಾರಿ ಉಳಿತಾಯ ಖಾತೆ ತೆರೆದುಬಿಡು. ಅದರ ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1ರಲ್ಲೇ ನಿಂತಿದೆ, ನಿನ್ನ ಸಾಲದ ಬಡ್ಡಿಗಿಂತ ಕಡಿಮೆ. ಹಾಗಾಗಿ ಈಗ ಜಾಸ್ತಿ ಹಾಕಬೇಡ. ವರ್ಷಕ್ಕೆ ಒಂದು 500 ಹಾಕುತ್ತಿರು. 15 ವರ್ಷದ ಎಣಿಕೆ ಶುರುವಾಗಿರಲಿ ಅಷ್ಟೇ.

ಬೇಗ ಶುರು ಮಾಡು ಅಂತ ಯಾಕೆ ಒತ್ತಿ ಹೇಳುತ್ತೇನೆ ಗೊತ್ತಾ? ತಿಂಗಳಿಗೆ 5 ಸಾವಿರದಂತೆ 26ರಿಂದ 60ರವರೆಗೆ ಹಾಕಿ, ವರ್ಷಕ್ಕೆ ಶೇ. 10 ಬೆಳೆಯಿತು ಅಂತ ಇಟ್ಟುಕೋ. ಸುಮಾರು 1 ಕೋಟಿ 70 ಲಕ್ಷ. ಅದೇ 36ಕ್ಕೆ ಶುರು ಮಾಡಿದರೆ 60 ಲಕ್ಷದ ಹತ್ತಿರ. ಶೇ. 10 ಬಂದೇ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ, ಆಗಿನ ಕೋಟಿಗೆ ಈಗಿನ ಬೆಲೆಯೂ ಇರುವುದಿಲ್ಲ. ಆದರೆ ಹತ್ತು ವರ್ಷ ತಡ ಮಾಡಿದರೆ ಎಷ್ಟು ಹೋಗುತ್ತದೆ ಅಂತ ತಿಳಿಯುತ್ತದಲ್ಲ.

ವೈನಿ, ಬೇಜಾರಾಗಬೇಡಿ, ಆ ಪಾಲಿಸಿ ಬೇಡ. 2014ರಲ್ಲಿ ನಾನೂ ಪರಿಚಯದವರ ಮಾತು ಕೇಳಿ ಅಂಥದ್ದೇ ಒಂದು ತೆಗೆದುಕೊಂಡೆ. ವಿಮೆಯೂ ಉಳಿತಾಯವೂ ಒಂದರಲ್ಲೇ ಅಂದರು. ವರ್ಷಕ್ಕೆ 40 ಸಾವಿರ. ಆಮೇಲೆ ಪಿಜಿ ಸೀಟು ಸಿಕ್ಕಿತು, ಸ್ಟೈಪೆಂಡ್‌ನಲ್ಲಿ ಕಟ್ಟಲು ಆಗಲಿಲ್ಲ. ನಾಲ್ಕು ವರ್ಷ ಕಟ್ಟಿದ್ದ 1 ಲಕ್ಷ 60 ಸಾವಿರದಲ್ಲಿ ಕೈಗೆ ಬಂದಿದ್ದು 80 ಸಾವಿರಕ್ಕಿಂತ ಸ್ವಲ್ಪ ಮೇಲೆ. ಆಗ ನನ್ನ ಎಜುಕೇಶನ್ ಲೋನ್ ಶೇ. 12ರಲ್ಲಿ ಓಡುತ್ತಿತ್ತು. ಆ ದುಡ್ಡು ಅಲ್ಲಿಗೆ ಹಾಕಬಹುದಿತ್ತಲ್ಲ ಅಂತ ಇವತ್ತಿಗೂ ಸಂಕಟವಾಗುತ್ತದೆ. ಇವಳೂ ನಾಳೆ ಪಿಜಿಗೆ ಹೋಗುವವಳು. ಹತ್ತಿಪ್ಪತ್ತು ವರ್ಷ ಕಟ್ಟಲೇಬೇಕಾದ ಪಾಲಿಸಿಗೆ ಇದು ವಯಸ್ಸಲ್ಲ.

ವಿಮೆ ಬೇಕು, ಬೇರೆ ರೀತಿಯದು. ಇದನ್ನು ಗ್ರೂಪಿನಲ್ಲಿ ಹೇಳಲು ಮನಸ್ಸು ಹಿಂದೇಟು ಹಾಕುತ್ತಿದೆ, ಆದರೂ ಹೇಳುತ್ತೇನೆ, ಅಪಶಕುನ ಅಂದುಕೊಳ್ಳಬೇಡಿ. ಸಾಲದ ಕಾಗದದಲ್ಲಿ ಕಾಕಾನ ಸಹಿಯೂ ಇದೆ. ಶಹಾಬಾದದ ಮನೆಯ ಪತ್ರ ಬ್ಯಾಂಕಿನಲ್ಲಿದೆ. ನಿನಗೆ ಏನಾದರೂ ಆದರೆ 15 ಲಕ್ಷ ಕಾಕಾನ ತಲೆ ಮೇಲೆ ಬರುತ್ತದೆ. ಮಗಳೂ ಇಲ್ಲ, ಮನೆಯೂ ಇಲ್ಲ ಅನ್ನುವ ದಿನ ಅವರಿಗೆ ಬರಬಾರದು. ಅದಕ್ಕೆ ಬರೀ ಟರ್ಮ್ ಇನ್ಶೂರೆನ್ಸ್ ತೆಗೆದುಕೋ. ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ, ಅದಕ್ಕೇ ಅಗ್ಗ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ. ಫಾರ್ಮಿನಲ್ಲಿ ಆರೋಗ್ಯದ ವಿಷಯ ಏನನ್ನೂ ಮುಚ್ಚಿಡಬೇಡ, ನಿನ್ನ ಥೈರಾಯ್ಡ್ ಮಾತ್ರೆ ಕೂಡ.

ದೊಡ್ಡಪ್ಪ, ಪ್ಲಾಟ್ ಕೆಟ್ಟದ್ದು ಅಂತ ನಾನು ಅನ್ನುವುದಿಲ್ಲ. ಆದರೆ ಇವಳು ಅದಕ್ಕೆ ಇನ್ನೊಂದು ಸಾಲ ಮಾಡಬೇಕಾಗುತ್ತದೆ. ಮೊದಲು ಇರುವ ಮನೆಯ ಪತ್ರ ಬಿಡಿಸಿಕೊಳ್ಳೋಣ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5 ಸಾವಿರ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಹಾಗಾದರೆ ತಂಗೀ, ಈ ತಿಂಗಳಿನಿಂದ ಹೀಗೆ. 54 ಸಾವಿರದಲ್ಲಿ ಕಂತು, ರೂಮು, ಊಟ ಹೋಗಿ 19 ಸಾವಿರ ಉಳಿಯುತ್ತದೆ ಅಂದಿದ್ದೀಯ. ಟರ್ಮ್ ಪಾಲಿಸಿ ಮೊದಲು, 3 ಸಾವಿರ ಎನ್‌ಪಿಎಸ್‌ಗೆ. ಉಳಿದದ್ದನ್ನು 1 ಲಕ್ಷ ಆಗುವವರೆಗೆ ಬೇರೆ ಖಾತೆಯಲ್ಲಿಡು. ಕೆಲಸ ಬಿಟ್ಟು ನೀಟ್ ಪಿಜಿಗೆ ಕೂತರೆ ಮೂರು ತಿಂಗಳ ಕಂತು, ಖರ್ಚಿಗೆ ಅದು ಬೇಕು. ಒಂದು ಕಂತು ತಪ್ಪಿದರೂ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ನಿನ್ನ ಜೊತೆ ಕಾಕಾನ ಹೆಸರೂ ಕೆಡುತ್ತದೆ. ಲಕ್ಷ ತುಂಬಿದ ಮೇಲೆ ತಿಂಗಳಿಗೆ 10 ಸಾವಿರ ಸಾಲಕ್ಕೆ. ಟಿಡಿಎಸ್ ವಾಪಸ್ ಬಂದದ್ದೂ ಅಲ್ಲಿಗೇ. ಪಿಜಿ ಸೀಟು ಸಿಕ್ಕ ದಿನವೇ ಬ್ಯಾಂಕಿಗೆ ಹೋಗಿ, ಓದು ಮುಗಿಯುವವರೆಗೆ ಕಂತು ಮುಂದೂಡಲು ಬರುತ್ತದೆಯೇ ಅಂತ ಬರೆದು ಕೇಳು.

ಇಷ್ಟೆಲ್ಲ ಹೋಗಿ ಆಮೇಲೆ ಉಳಿದದ್ದನ್ನು ಸುಮ್ನೆ ಖರ್ಚು ಮಾಡು. ಹಬ್ಬಕ್ಕೆ ಅವ್ವನಿಗೊಂದು ಸೀರೆ ತಾ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಬ್ಯಾಂಕಿನ ಪತ್ರ, ಆಸ್ಪತ್ರೆಯ ಅಗ್ರಿಮೆಂಟ್ ಎರಡನ್ನೂ ಹಿಡಿದುಕೊಂಡು ಬಾ, ಕೂತು ಅರ್ಜಿ ಬರೆಯೋಣ.